ಮುನಿಯಲ್ಲಪ್ಪನ ಸೈಕಲ್ ಬೆಲ್ಲು

"ಅಂಗಿ ಹರಿದುಬಿಡಮ್ಮ, ಹೊತ್ತಾಗ್ತದೆ" ಎಂದರು ಯಾರೋ. ವೆಂಕಟರತ್ನಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಣ ಮೀಯಿಸಲೆಂದು ಗಂಡನ ಖಾಕಿ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಜೇಬಿನಲ್ಲಿ ಮಡಿಸಿದ ಚೀಟಿಯೊಂದು ಸಿಕ್ಕಿತು.

ಮುನಿಯಲ್ಲಪ್ಪ ಕೋಲಾರದ ಸರ್ಕಾರಿ ಆಸ್ಪತ್ರೆಯ ಜವಾನ; ಊರವರ ಪರೀಕ್ಷೆಯ ಚೀಟಿಗಳನ್ನು ತಂದು ಮುಟ್ಟಿಸುವವನು. ನಿನ್ನೆ ಸಂಜೆ ಕೋಲಾರದಿಂದ ಬಂದವನು ಎದೆ ನೋವೆಂದು ಮಲಗಿ, ಬೆಳಗ್ಗೆ ಏಳಲಿಲ್ಲ.

ಮೇಷ್ಟರು ಮುನಿಕೃಷ್ಣಪ್ಪ ಚೀಟಿ ಓದಿದರು. "ಮೇಲಿನ ಬೀದಿ ಗಂಗರತ್ನಮ್ಮಂದು. ಕಫದಲ್ಲಿ ಕ್ಷಯ ಇಲ್ಲವಂತೆ."

"ಹಂಗಾದ್ರೆ ಮೊದಲು ಅವಳಿಗೆ ಮುಟ್ಟಿಸಿ, ಆಮೇಲೆ ಇವರನ್ನ ಎತ್ತಿ. ಹತ್ತು ದಿನದಿಂದ ಕೂಳು ನೀರು ಬಿಟ್ಟು ಕಾಯ್ತಾವ್ಳೆ" ಎಂದಳು ವೆಂಕಟರತ್ನಮ್ಮ.

ಮೈದುನ ಅಪ್ಪಾಜಪ್ಪ ತಲೆ ಕೆರೆದುಕೊಂಡ. "ಸಾವಿನ ಮನೆಗೆ ಬಂದೋರು ಮೀಯದೆ ಇನ್ನೊಬ್ಬರ ಹೊಸ್ತಿಲು ತುಳಿಯೋದು ಹೆಂಗೆ ಅತ್ತಿಗೆ?"

"ಹೊಸ್ತಿಲು ಯಾಕೆ? ನಿಮ್ಮಣ್ಣ ಎಲ್ಲಿ ನಿಲ್ತಿದ್ರು, ಮರೆತ್ಯಾ?"

* * *

ಎಪ್ಪತ್ತೊಂದನೇ ಇಸವಿಯಲ್ಲಿ ಇದೇ ಊರಿನ ಮುದುಕಿ ದೊಡ್ಡಗಂಗಮ್ಮನ ಕಫ ಪರೀಕ್ಷೆಯ ಚೀಟಿ ಇಪ್ಪತ್ತು ದಿನ ಆಸ್ಪತ್ರೆಯ ಮೇಜಿನಲ್ಲೇ ಬಿದ್ದಿತ್ತು. ಕೊನೆಗೆ ಮುನಿಯಲ್ಲಪ್ಪ ಅದನ್ನು ಹಿಡಿದು ಹೋಗಿ ನೋಡಿದರೆ, ಮುದುಕಿ ಸಾಯುವುದು ಖಂಡಿತವೆಂದು ಓಲೆ, ಮೂಗುಬಟ್ಟು, ಇದ್ದೊಂದು ಎಮ್ಮೆ ಎಲ್ಲವನ್ನೂ ಸೊಸೆಯರಿಗೆ ಹಂಚಿ ಗೋಡೆ ಕಡೆ ತಿರುಗಿ ಮಲಗಿದ್ದಾಳೆ!

"ಏನೂ ಇಲ್ಲ ಕಣಮ್ಮ, ಬರೀ ಕೆಮ್ಮು."

"ಅಯ್ಯೋ ನಿನ್ನ! ಬೀದಿ ತುದೀಲೇ ಬೆಲ್ ಹೊಡೆದು ಹೇಳಬಾರದಾ? ಎಮ್ಮೆ ವಾಪಸ್ ಕೊಡ್ತಾರೇನೋ ಈಗ?"

ಎಮ್ಮೆ ವಾಪಸ್ ಬರಲಿಲ್ಲ. ಆದರೆ ಅಂದಿನಿಂದ ಯಾವ ಚೀಟಿಯೂ ಮೇಜಿನಲ್ಲಿ ಒಂದು ರಾತ್ರಿ ಕಳೆಯಲಿಲ್ಲ. ಒಳ್ಳೆಯ ಸುದ್ದಿಯಾದರೆ ಮುನಿಯಲ್ಲಪ್ಪ ಬೀದಿಯ ತುದಿಯಲ್ಲೇ ಮೂರು ಸಲ ಬೆಲ್ ಹೊಡೆದು ಹೊರಟುಬಿಡುತ್ತಿದ್ದ. ಕೆಟ್ಟದ್ದಾದರೆ ಸೈಕಲ್ ತಳ್ಳಿಕೊಂಡು ಬಂದು, ಜಗಲಿಯಲ್ಲಿ ಕೂತು, ಮಜ್ಜಿಗೆ ಕೇಳಿ ಕುಡಿದು, ಮೆಲ್ಲಗೆ ಹೇಳಿ, ಮರುದಿನ ತಾನೇ ಕೋಲಾರಕ್ಕೆ ಕರೆದೊಯ್ಯುತ್ತಿದ್ದ. ಒಳ್ಳೆಯ ಸುದ್ದಿಯ ಮನೆಯಲ್ಲಿ ಅವನು ಮಜ್ಜಿಗೆ ಕುಡಿದದ್ದೇ ಇಲ್ಲ.

* * *

ಅಪ್ಪಾಜಪ್ಪ ಅಣ್ಣನ ಸೈಕಲ್ ಏರಿ ಹೋದ. ಅಂಗಳದಲ್ಲಿ ಅಳುವವರೂ ಅಳು ನಿಲ್ಲಿಸಿ ಕಿವಿಗೊಟ್ಟರು. ಮೇಲಿನ ಬೀದಿಯ ಕಡೆಯಿಂದ ಬೆಲ್ ಕೇಳಿಸಿತು, ಒಂದು, ಎರಡು, ಮೂರು. ವೆಂಕಟರತ್ನಮ್ಮನಿಗೆ ಆ ದುಃಖದಲ್ಲೂ ಹಿತವಾಯಿತು. ಕೆಲಸ ಬಾಕಿ ಉಳಿಸಿ ಹೋದವನಲ್ಲ ತನ್ನ ಗಂಡ.

ಮೀಯಿಸಿ ಮಲಗಿಸಿದ ಮೇಲೆ ಎಲ್ಲರೂ ಬಾಯಿಗೆ ಹಾಲು ಬಿಡುತ್ತಿದ್ದರು. ಅಷ್ಟರಲ್ಲಿ ಗಂಗರತ್ನಮ್ಮ ಚೊಂಬು ಹಿಡಿದು ಏದುಸಿರು ಬಿಡುತ್ತ ಬಂದಳು.

"ಏನೇ ಅದು, ಮಜ್ಜಿಗೆ? ಹೆಣದ ಬಾಯಿಗೆ ಯಾರಾದ್ರೂ ಮಜ್ಜಿಗೆ ಬಿಡ್ತಾರಾ?" ಎಂದಳು ನೆರೆಮನೆಯ ಆಂಜಿನಮ್ಮ.

"ಹತ್ತು ದಿನದಿಂದ ದಿನಾ ಕಡೆದು ಇಟ್ಕೊಂಡು ಕಾಯ್ತಿದ್ದೆ, ಅಕ್ಕ. ಬಂದು ಕೂತ್ಕೊಂಡು ಮಜ್ಜಿಗೆ ಕೇಳ್ತಾರೇನೋ ಅಂತ ಜೀವ ಬಾಯಿಗೆ ಬಂದಿತ್ತು" ಎಂದು ಗಂಗರತ್ನಮ್ಮ ಅತ್ತಳು.

"ಬಾಯಿಗೆ ಬಿಡವ್ವ, ನೀನು ಬಿಡು" ಎಂದಳು ವೆಂಕಟರತ್ನಮ್ಮ.

ಒಂದು ಹನಿ ಮುನಿಯಲ್ಲಪ್ಪನ ಮೀಸೆಯ ಮೇಲೆ ಬೆಳ್ಳಗೆ ನಿಂತಿತು. ಒರೆಸಲು ಸೆರಗು ಎತ್ತಿದ ಹೆಂಡತಿ, ಹಾಗೇ ಕೈ ಇಳಿಸಿದಳು.