ಮೂರನೇ ನಂಬರಿನ ಶಾಲು

ಬೆಟ್ಟದ ಮೇಲೆ ಎಲೆಗಳೆಲ್ಲ ಕೆಂಪಾಗಿ ಉದುರುವ ಕಾಲಕ್ಕೆ ವರ್ಷಕ್ಕೊಮ್ಮೆ ಸಂಗೀತ ಮತ್ತು ಕೈಕಸುಬಿನ ಮೇಳ ನಡೆಯುತ್ತದೆ. ಈ ಸಲ ಮೇಳ ಶುರುವಾಗಲು ಎರಡೇ ಗಂಟೆ ಇರುವಾಗ ಅದರ ಕಾರ್ಯದರ್ಶಿ ಏದುಸಿರು ಬಿಡುತ್ತ ಟೈಲರಮ್ಮನ ಅಂಗಡಿಗೆ ಬಂದರು. ಹೆಣಿಗೆ ಸ್ಪರ್ಧೆಯ ತೀರ್ಪುಗಾರರಿಗೆ ಜ್ವರವಂತೆ.

"ನೀವೇ ಬಂದು ಮಾನ ಉಳಿಸ್ಬೇಕು."

"ನಾನು ಹೊಲಿಯೋಳು ಸಾರ್, ಹೆಣೆಯೋಳಲ್ಲ."

"ಸೂಜಿಯೋ ಕಡ್ಡಿಯೋ, ಎರಡೂ ಚುಚ್ಚುತ್ತೆ ತಾನೆ?" ಎಂದವರೇ ಅವಳ ಕೈಗೆ ಬ್ಯಾಡ್ಜು ತುರುಕಿ ಹೊರಟುಬಿಟ್ಟರು.

ಮನೆಯವರೆಲ್ಲ ಆಗಲೇ ಬೆಟ್ಟ ಹತ್ತಿದ್ದರು. ಗಂಡ ಬೆಳಿಗ್ಗೆಯೇ ಪಿಟೀಲಿನ ಪೆಟ್ಟಿಗೆ ಹೊತ್ತು ತನ್ನ ತಂಡದ ಜೊತೆ ಹೋಗಿದ್ದ. ಅತ್ತೆ, ಎದುರುಮನೆಯ ಬೇಕರಿ ಹೆಂಗಸಿನ ಜೊತೆ ಹೋಗಿ ಹಾಡು ಕೇಳುತ್ತೇನೆಂದು ಹೇಳಿದ್ದರು. ಟೈಲರಮ್ಮ ಮಿಷನ್ನಿಗೆ ಬಟ್ಟೆ ಹೊದಿಸಿ, ಬಾಗಿಲಿಗೆ ಬೀಗ ಜಡಿದು ತಾನೂ ಹೊರಟಳು.

ಮೇಳದ ಬಯಲಿನಲ್ಲಿ, ಉದ್ದನೆಯ ಮೇಜಿನ ಮೇಲೆ ಒಂಬತ್ತು ಶಾಲುಗಳು. ಯಾವುದಕ್ಕೂ ಹೆಸರಿಲ್ಲ, ನಂಬರು ಮಾತ್ರ. ಒಂದೊಂದಾಗಿ ನೋಡುತ್ತ ಏಳನೆಯದರ ಹತ್ತಿರ ಬಂದವಳು ಅದರ ಅಂಚನ್ನು ಎತ್ತಿ ಮತ್ತೊಮ್ಮೆ ನೋಡಿದಳು. ಅಂಚಿನುದ್ದಕ್ಕೂ ಎಲೆಯ ಚಿತ್ತಾರ. ಅತ್ತೆ ಅವಳಿಗೆ ಹೆಣೆದುಕೊಟ್ಟ ಶಾಲಿನಲ್ಲೂ ಇದೇ ಎಲೆ. ಅತ್ತೆ ಒಂದು ಮಾತೂ ಹೇಳದೆ ಸ್ಪರ್ಧೆಗೆ ಇಳಿದಿದ್ದಾರೆ!

ಮೊದಲ ಬಹುಮಾನ ಕೊಟ್ಟರೆ ಊರು ನಗುತ್ತದೆ. ಕೊಡದಿದ್ದರೆ ಅನ್ಯಾಯ, ಏಕೆಂದರೆ ಅದಕ್ಕಿಂತ ಚೆನ್ನಾಗಿರುವುದು ಆ ಮೇಜಿನ ಮೇಲೆ ಇರಲಿಲ್ಲ. ಒಂದು ಲೋಟ ಚಹಾ ಮುಗಿಯುವವರೆಗೂ ಯೋಚಿಸಿ, ಆದದ್ದಾಗಲಿ ಎಂದು ಏಳಕ್ಕೇ ಕೊಟ್ಟಳು. ಪಕ್ಷಪಾತಿ ಎನ್ನಿಸಿಕೊಳ್ಳಬಾರದೆಂದು ಉಳಿದವಕ್ಕೆ ಇದ್ದದ್ದನ್ನು ಇದ್ದಹಾಗೇ ಬರೆದಳು. ಮೂರನೇ ನಂಬರಿನ ಚೀಟಿಯಲ್ಲಿ ಹೀಗಿತ್ತು: "ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಸಿಟ್ಟಿನಲ್ಲಿ ಹೆಣೆದ ಹಾಗಿದೆ."

ಚೀಟಿಗಳನ್ನು ಕಾರ್ಯದರ್ಶಿ ಮೈಕಿನಲ್ಲಿ ಓದುತ್ತಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವರು ಒಂದಕ್ಷರ ಬಿಡದೆ ಓದಿದರು. ಮೂರನೆಯದಕ್ಕೆ ಜನ ಗೊಳ್ಳೆಂದು ನಕ್ಕರು. ಆಮೇಲೆ ಮೊದಲ ಬಹುಮಾನ ಕೂಗಿದಾಗ ಎದ್ದು ನಿಂತವರು ಅತ್ತೆಯಲ್ಲ, ಬೇಕರಿ ಹೆಂಗಸು. ಆ ಎಲೆಯ ಚಿತ್ತಾರವನ್ನು ಆಕೆಗೆ ಕಲಿಸಿದ್ದೇ ಅತ್ತೆ ಎಂಬುದು ಟೈಲರಮ್ಮನಿಗೆ ಆಗ ನೆನಪಾಯಿತು. ಆಕೆಯ ಪಕ್ಕದಲ್ಲೇ ಕೂತಿದ್ದ ಅತ್ತೆ ಜೋರಾಗಿ ಚಪ್ಪಾಳೆ ತಟ್ಟಿ, ಎದ್ದು ನೆಟ್ಟಗೆ ಮೇಜಿನ ಬಳಿ ಬಂದು, ಮೂರನೇ ನಂಬರಿನ ಶಾಲನ್ನೂ ಚೀಟಿಯನ್ನೂ ಕೈಗೆತ್ತಿಕೊಂಡರು.

"ಇದು ನೀನು ಬರ್ದಿದ್ದಾ?"

ಟೈಲರಮ್ಮನಿಗೆ ನಿಂತ ನೆಲ ಬಾಯಿ ಬಿಡಬಾರದೇ ಎನ್ನಿಸಿತು. "ನಿಮ್ದು ಅಂತ ಗೊತ್ತಿರ್ಲಿಲ್ಲ ಅತ್ತೆ."

"ಗೊತ್ತಿದ್ರೆ ಏನ್ ಬರೀತಿದ್ದೆ?"

"ಇದನ್ನೇ. ಸ್ವಲ್ಪ ಮೆತ್ತಗೆ ಬರೀತಿದ್ದೆ."

"ಯಾವ್ದು ನಂದು ಅಂದ್ಕೊಂಡಿದ್ದೆ ಮತ್ತೆ?"

"ಏಳು."

"ಅದಕ್ಕೇ ಮೊದಲ್ನೇ ಬಹುಮಾನ ಕೊಟ್ಯಾ?"

"ಇಲ್ಲ. ನಿಮ್ದು ಅಂತ ಕೊಡೋದೇ ಬೇಡ ಅಂದ್ಕೊಂಡಿದ್ದೆ. ಚೆನ್ನಾಗಿತ್ತು, ಕೊಟ್ಟೆ."

ಅಷ್ಟರಲ್ಲಿ ವೇದಿಕೆಯ ಮೇಲೆ ಮಗನ ತಂಡದ ಕುಣಿತದ ಹಾಡು ಶುರುವಾಯಿತು. ಪಿಟೀಲು ಓಡತೊಡಗಿತು. ಅತ್ತೆ ಶಾಲು ಬಿಡಿಸಿ ಬಿಗಿಯಾದ ಸಾಲುಗಳ ಮೇಲೆ ಬೆರಳಿಟ್ಟರು.

"ಕೇಳು. ಈ ಸಾಲು ಇದೇ ಹಾಡು. ಒಂದು ತಿಂಗಳು ಗೋಡೆ ಆಚೆ ಕೂತು ಪಿಟೀಲು ಕುಯ್ದಿದ್ದಾನೆ ನಿನ್ನ ಗಂಡ. ಅದು ಓಡ್ದಾಗೆಲ್ಲ ನನ್ನ ಕೈನೂ ಓಡ್ತು. ನಿಧಾನ ಆದಾಗ ಇಲ್ಲಿ ನೋಡು, ಜೋಲು ಬಿದ್ದಿದೆ."

"ಹಾಗಾದ್ರೆ ಸಿಟ್ಟಿರ್ಲಿಲ್ವಾ?"

"ಸಿಟ್ಟೂ ಇತ್ತು. ತಪ್ಪೇನೂ ಬರ್ದಿಲ್ಲ ಬಿಡು."

ಟೈಲರಮ್ಮನಿಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಇಬ್ಬರೂ ಹೋಗಿ ಬಿಸಿಲು ಬಿದ್ದಿದ್ದ ಹುಲ್ಲಿನ ಮೇಲೆ ಕೂತರು.

"ಮೊದಲಿಂದ ಹೆಣೀತೀನಿ. ಇವತ್ತೇ ಬಿಚ್ಚಿಬಿಡೋಣ," ಎಂದು ಅತ್ತೆ ದಾರದ ತುದಿ ಹುಡುಕಿ ಎಳೆದರು. ಸಾಲುಗಳು ಸರಸರನೆ ಬಿಚ್ಚಿಕೊಂಡವು.

ಹಾಡು ಮುಗಿಸಿ, ಬೆವರು ಒರೆಸಿಕೊಳ್ಳುತ್ತ, ಹೇಗಿತ್ತೆಂದು ಕೇಳಲು ಬಂದ ಗಂಡನನ್ನು ಅತ್ತೆ ಮಾತಾಡಲೂ ಬಿಡಲಿಲ್ಲ. "ಕೂತ್ಕೋ. ಎರಡೂ ಕೈ ಮುಂದೆ ಚಾಚು," ಎಂದರು. ಟೈಲರಮ್ಮ ಆ ಕೈಗಳಿಗೆ ನೂಲು ಸುತ್ತತೊಡಗಿದಳು. ಮುಂದಿನ ತಂಡ ಬಂದು ಹಾಡಿ ಮುಗಿಸಿ, ಬಯಲೆಲ್ಲ ಚಪ್ಪಾಳೆ ತಟ್ಟುವಾಗಲೂ ಅವನು ಕೈ ಚಾಚಿಕೊಂಡೇ ಕೂತಿದ್ದ.