ಗುಳ್ಳೆ ಏಳದ ಚೀಲ

ರಾಣೆಬೆನ್ನೂರು ಬಸ್ ನಿಲ್ದಾಣದ ಹಿಂದೆ ಮಹಮೂದಾಬೇಗಂಳ ಪಂಕ್ಚರ್ ಅಂಗಡಿ. ಮಗಳು ಆಯಿಶಾ ಕಾರವಾರದಿಂದ ಬಂದು ಮೂರು ದಿನವಾಗಿತ್ತು. ಮೂರು ದಿನವೂ ಜಗಳ. ಕಾರವಾರದಲ್ಲಿ ಪ್ರವಾಸಿಗರಿಗೆ ಕಯಾಕ್ ಎಂಬ ಕಿರುದೋಣಿ ನಡೆಸಲು ಕಲಿಸುವ ಹುಡುಗಿ, ಬರುವ ಭಾನುವಾರ ಒಬ್ಬಳೇ ಸಮುದ್ರದಲ್ಲಿ ಗೋಕರ್ಣದವರೆಗೆ ಹೋಗುತ್ತೇನೆಂದು ಹಟ ಹಿಡಿದಿದ್ದಳು.

ಇಂದು ಎರಡು ಗಾಳಿಚೀಲ ತಂದು ತಾಯಿಯ ಮುಂದೆ ಒಗೆದಳು. ಒಂದು ಹೊಚ್ಚ ಹೊಸದು, ಕಿತ್ತಳೆ ಬಣ್ಣದ್ದು. ಇನ್ನೊಂದು ಯಾರೋ ಬಳಸಿ ಬಿಟ್ಟ ಮಾಸಲು ಹಳದಿ.

"ದೋಣಿ ಮಗಚಿದ್ರ ಇದನ್ನ ಹುಟ್ಟಿನ ತುದಿಗೆ ಹಾಕಿ ಊದಬೇಕು. ಅದರ ಆಸರಾ ಹಿಡದು ಮ್ಯಾಲೆ ಹತ್ತೂದು. ಯಾವುದು ಸೋರತೈತಿ, ಅಷ್ಟ ಹೇಳು ಅಮ್ಮೀ. ಉಪದೇಶ ಬ್ಯಾಡ."

"ಮಗಚತೈತಿ ಅಂತ ಗೊತ್ತಿದ್ದೂ ಹೊಂಟೀಯಲ್ಲ, ಮದಲ ನಿನ್ನ ತಲಿಗೆ ಪ್ಯಾಚ್ ಹಾಕಬೇಕು."

"ಹಾಕಾಕ ಬಂದಿದ್ರ ಇಷ್ಟ ವರ್ಷದಾಗ ಹಾಕತಿದ್ದಿ."

ಮಹಮೂದಾ ಕಿತ್ತಳೆ ಚೀಲವನ್ನು ಊದಿ, ಟ್ಯೂಬು ಅದ್ದುವ ತೊಟ್ಟಿಯ ಕಪ್ಪು ನೀರಿಗೆ ಒತ್ತಿದಳು. ಅಂಚಿನ ಬೆಸುಗೆಯಿಂದ ಸರಸರನೆ ಗುಳ್ಳೆ ಎದ್ದವು. ಅವಳಿಗೆ ಖುಷಿಯಾಯಿತು. ಹಳದಿಯದನ್ನೂ ಊದಿ ಒತ್ತಿದಳು. ತಿರುಗಿಸಿದಳು, ಮೊಣಕೈ ಊರಿ ಹಿಂಡಿದಳು. ಒಂದೂ ಗುಳ್ಳೆಯಿಲ್ಲ. ಇದೊಂದಿದ್ದರೆ ಮಗಳು ಹೊರಟೇಬಿಡುತ್ತಾಳೆ. ಆಯಿಶಾ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದಳು.

"ಇದೂ ಸೋರತೈತಿ," ಎಂದುಬಿಟ್ಟಳು ಮಹಮೂದಾ. "ಎರಡೂ ಕಸಕ್ಕ ಒಗಿ. ಮನ್ಯಾಗ ಬಿದ್ದಿರು."

"ಹಂಗಾರ ಹೊಸಾದಕ್ಕ ಒಂದು ಪ್ಯಾಚ್ ಬಡಿ. ಅದನ್ನ ಒಯ್ತೇನಿ."

ಮಹಮೂದಾಳ ಕೈ ನೀರಿನಲ್ಲೇ ನಿಂತಿತು. ಬೆಸುಗೆ ಬಿಟ್ಟ ಅಂಚಿನ ಮೇಲೆ ಪ್ಯಾಚು ಎಷ್ಟು ಹೊತ್ತು ತಡೆಯುತ್ತದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

"ಅದಕ್ಕ ಪ್ಯಾಚ್ ಕುಂದ್ರೂದಿಲ್ಲ. ಹಳದೀದು ಒಯ್ಯಿ. ಅದು ಸೋರೂದಿಲ್ಲ."

"ಈಗಷ್ಟ ಸೋರತೈತಿ ಅಂದಿ?"

"ಸುಳ್ಳ ಹೇಳಿದೆ."

ಆಯಿಶಾ ತಿರುಗಿದಳು. "ಲಾರಿ ಡ್ರೈವರಗೂ ಇಂಥಾ ಸುಳ್ಳ ಹೇಳಿದಾಕಿ ಅಲ್ಲ ನೀ. ನಮ್ಮ ಅಮ್ಮಿ ಸೋರೂದಿಲ್ಲ ಅಂದ್ರ ಸೋರೂದಿಲ್ಲ ಅಂತ ಕಾರವಾರದ ತುಂಬ ಹೇಳಕೊಂಡು ಬಂದೇನಿ. ಈಗ ನಿನ್ನ ಯಾವ ಮಾತು ನಂಬಿ ನೀರಿಗೆ ಇಳೀಲಿ?"

"ಖರೇನ ಹೇಳಾಕತ್ತೇನಿ..."

"ಸರಿ ಅತ್ತಾಗ."

ತೋಳು ಮೇಲೇರಿಸಿ ಆಯಿಶಾ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಅಂಗಡಿಯಲ್ಲೇ ಬೆಳೆದರೂ ಆ ನೀರಿಗೆ ಎಂದೂ ಬೆರಳಿಟ್ಟವಳಲ್ಲ. ಹಳದಿ ಚೀಲವನ್ನು ಮುಳುಗಿಸಿ ಅಂಚಂಚೂ ಹಿಂಡಿದಳು.

"ಊದೂ ಬಾಯಿ ಹತ್ರ ನೋಡು."

"ಸುಮ್ಕಿರು."

ಗುಳ್ಳೆ ಏಳಲಿಲ್ಲ. ಆಯಿಶಾ ಗಾಳಿ ಬಿಟ್ಟು ಚೀಲ ಮಡಚಿ ಕಂಕುಳಿಗೆ ಸೇರಿಸಿದಳು. ತಾಯಿ ಚಾಚಿದ ಒರೆಸುವ ಬಟ್ಟೆಯನ್ನು ಮುಟ್ಟದೆ, ಕಪ್ಪಾದ ಕೈಯಲ್ಲೇ ಬಸ್ಸಿನ ಕಡೆ ನಡೆದಳು.