ಎಡಪುಟದ ಇರುವೆ

"ಏನು ಕಂಡೆ? ಇನ್ನೊಂದ್ಸಲ ಹೇಳು," ಎಂದರು ಮೇಷ್ಟ್ರು, ಭೂತಗನ್ನಡಿಯನ್ನು ಮೈಕಿನ ಹಾಗೆ ಹುಡುಗಿಯ ಬಾಯಿಗೆ ಹಿಡಿದು.

ಹುಡುಗಿ ಬೀನ್ಸ್ ಬಳ್ಳಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳಿಗೆ ಪ್ರತಿ ಮಾತಿಗೂ ಮುಂಚೆ ಒಂದು ಬಿಡುವು ಬೇಕು, ಆಳದ ಬಾವಿಯಿಂದ ಕೊಡ ಸೇದುವವರ ಹಾಗೆ. ಕೊಡ ಮೇಲೆ ಬರುವ ತನಕ ಕೆಳದುಟಿ ಸಣ್ಣಗೆ ಅದುರುತ್ತಿರುತ್ತದೆ.

"ಇರುವೆ... ಸರ್, ಇರುವೆ ಆ ಗಿಡಹೇನನ್ನ ತಿಂತಿದೆ ಸರ್."

"ತಿಂತಿದೆಯಾ?"

"ಬಾಯಲ್ಲಿ ಕಚ್ಕೊಂಡು ಹೋಗ್ತಿದೆ. ಗೋಡೆ ಬುಡದಲ್ಲಿ ತೂತಿದೆಯಲ್ಲ, ಅಲ್ಲಿಗೆ. ಒಳಗೆ ಹೋದದ್ದು... ಯಾವುದೂ ವಾಪಸ್ ಬರ್ಲಿಲ್ಲ ಸರ್."

ಏಳನೇ ತರಗತಿಯ ಮಿಕ್ಕ ಮೂವತ್ತಾರು ಮಕ್ಕಳೂ ತಮ್ಮ ತಮ್ಮ ಬಳ್ಳಿ ಬಿಟ್ಟು ಇತ್ತ ಕತ್ತು ಹೊರಳಿಸಿದ್ದರು. ಮೇಷ್ಟ್ರಿಗೆ ಆ ನೋಟ ಗೊತ್ತು. ನಾಲ್ಕು ಜೊತೆ ಕಣ್ಣು ತಮ್ಮ ಕಡೆ ತಿರುಗಿದರೆ ಸಾಕು, ಅವರ ನಾಲಿಗೆ ತುರಿಸಲು ಶುರುವಾಗುತ್ತಿತ್ತು. ಇಲ್ಲಿ ಮೂವತ್ತಾರು ಜೊತೆ.

ಶಾಲೆಯ ಹಿಂದೆ ಕಾಂಪೌಂಡ್ ಗೋಡೆಗೆ ಒತ್ತಿದಂತೆ ತೋಟದ ಮಾಲಿ ಹತ್ತು ಬೀನ್ಸ್ ಬಳ್ಳಿ ಹಬ್ಬಿಸಿದ್ದ. ಪ್ರತಿ ಕಾಂಡಕ್ಕೂ ಒಂದು ಗೇಣಿನ ಅಂತರದಲ್ಲಿ ಎರಡು ಕೆಂಪು ದಾರ. ಆ ದಾರಗಳ ನಡುವೆ ಎಷ್ಟು ಗಿಡಹೇನು, ಎಷ್ಟು ಇರುವೆ, ಯಾವುದು ಯಾವುದನ್ನು ಏನು ಮಾಡುತ್ತಿದೆ ಎಂದು ಹತ್ತು ನಿಮಿಷ ನೋಡಿ ಬರೆಯಬೇಕು. ವಾರಕ್ಕೆ ಮೂರು ದಿನ, ಮೂರು ವಾರ. ಪುಸ್ತಕದ ಎಡಪುಟದ ಮೇಲೆ 'ಕಂಡದ್ದು', ಬಲಪುಟದ ಮೇಲೆ 'ಅನ್ನಿಸಿದ್ದು'. ಎಡಕ್ಕೆ ಕಣ್ಣಿನ ಕೆಲಸ, ಬಲಕ್ಕೆ ತಲೆಯ ಕೆಲಸ, ಒಂದರ ಮನೆಗೆ ಇನ್ನೊಂದು ನುಗ್ಗಬಾರದು. ತಪ್ಪಾದರೆ ರಬ್ಬರ್ ಮುಟ್ಟುವಂತಿಲ್ಲ, ಒಂದೇ ಒಂದು ಗೆರೆ ಎಳೆದು ಮೇಲೆ ಬರೆಯಬೇಕು. ಈ ಕಟ್ಟಳೆಗಳನ್ನೆಲ್ಲ ಮೊದಲ ಪುಟದಲ್ಲಿ ಬರೆಸಿದವರು ಮೇಷ್ಟ್ರೇ. ಅದಕ್ಕೂ ಒಂದು ದಿನ ಮುಂಚೆ ಚಾರ್ಟು ತೂಗುಹಾಕಿ, ಇರುವೆ ಅಂದರೆ ದನ ಕಾಯುವವನು, ಗಿಡಹೇನು ಅಂದರೆ ಅವನ ಹಸು, ಅವನು ಕಾವಲು ಕೊಡುತ್ತಾನೆ, ಇವಳು ಸಿಹಿ ಹನಿ ಕೊಡುತ್ತಾಳೆ, ಇದಕ್ಕೇ ಸಹಜೀವನ ಅನ್ನುವುದು ಎಂದು ಹಸುವಿನಂತೆ 'ಅಂಬಾ' ಎಂದು ಕೂಗಿ ತೋರಿಸಿದವರೂ ಅವರೇ.

ಮೂವತ್ತೇಳು ಮಕ್ಕಳನ್ನು ನಾಲ್ಕು ನಾಲ್ಕರಂತೆ ಹಂಚಿದಾಗ ಈ ಹುಡುಗಿ ಒಬ್ಬಳೇ ಉಳಿದಿದ್ದಳು. "ಭಾಗಲಬ್ಧ ಒಂಬತ್ತು, ಶೇಷ ಒಂದು!" ಎಂದಿದ್ದರು ಮೇಷ್ಟ್ರು. ಅವತ್ತಿನಿಂದ ಅವಳು ಇಡೀ ಶಾಲೆಗೆ 'ಶೇಷ'. ಹತ್ತನೇ ಬಳ್ಳಿ ಅವಳೊಬ್ಬಳದೇ.

ಮೇಷ್ಟ್ರು ಭೂತಗನ್ನಡಿ ಜೇಬಿಗಿಟ್ಟರು. ಕಣ್ಣು ಮೇಲೆ ಮಾಡಿದರು. ಕೆಳದುಟಿ ಅದುರಿಸಿದರು. ಕಾಣದ ಹಗ್ಗವೊಂದನ್ನು ಎರಡೂ ಕೈಯಲ್ಲಿ ಸೇದುತ್ತ, ಸೇದುತ್ತ, ಇನ್ನೇನು ಕೊಡ ಬಂತು ಅನ್ನುವಾಗ ಬಾಯಿ ತೆರೆದು, "ಸ... ರ್... ದನ ಕಾಯೋನು... ದನಾನೇ... ತಿಂದ್ಬಿಟ್ಟ... ಸ... ರ್," ಎಂದರು.

ಅಚ್ಚು ಇಳಿಸಿದಂತಿತ್ತು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ನಕ್ಕು ನಕ್ಕು ತನ್ನ ಬಳ್ಳಿಯ ಕೋಲಿಗೇ ಒರಗಿ ಅದನ್ನು ಮುರಿದ.

"ನೋಡಮ್ಮ, ಅದು ತಿಂತಿಲ್ಲ. ಬೇರೆ ಹುಲ್ಲುಗಾವಲಿಗೆ ಎತ್ಕೊಂಡು ಹೋಗ್ತಿದೆ," ಎಂದರು ಮೇಷ್ಟ್ರು ತಮ್ಮ ದನಿಗೆ ಮರಳಿ. "ಸರಿಯಾಗಿ ನೋಡಿ ತಿದ್ದಿ ಬರಿ. ಒಂಬತ್ತು ಬಳ್ಳೀಲಿ ಹೇನು ಏರ್ತಾ ಇದೆ, ನಿನ್ನದ್ರಲ್ಲಿ ಮಾತ್ರ ಇಳಿಯುತ್ತಾ? ಇರುವೆ ಹೆಸರೇ ಹೇಳುತ್ತಲ್ಲ, ಜೊತೇಲಿ 'ಇರುವೆ, ಇರುವೆ' ಅಂತ!"

ಮತ್ತೆ ನಗು. ಹುಡುಗಿ ಪುಸ್ತಕದ ಮೇಲೆ ಬಗ್ಗಿದಳು.

ಮೇಷ್ಟ್ರು ಕೆಟ್ಟವರಲ್ಲ. ಅವರ ಪಿರಿಯಡ್ ಎಂದರೆ ಮಕ್ಕಳು ಗಂಟೆಗೆ ಮುಂಚೆ ಬಂದು ಕೂರುತ್ತಿದ್ದರು. ಹೆಡ್ ಮೇಡಂ ಚಪ್ಪಲಿ ಸದ್ದು, ಪಿ.ಟಿ. ಮಾಸ್ತರರ ಸೀಟಿ, ಕೆಟ್ಟುಹೋದ ಫ್ಯಾನಿನ ಕಟಕಟ, ಎಲ್ಲವೂ ಅವರ ಗಂಟಲಲ್ಲಿ ಬಾಡಿಗೆಗಿದ್ದವು. ಹೆಡ್ ಮೇಡಮ್ಮೇ ಸ್ಟಾಫ್ ರೂಮಿಗೆ ಬಂದು, "ಏನ್ರೀ, ಹೊಸ ಐಟಂ ಮಾಡಿದ್ದೀರಂತೆ? ನಮಗೂ ಸ್ವಲ್ಪ ತೋರಿಸ್ರೀ," ಎಂದಾಗ ಮೇಷ್ಟ್ರು ಚಹಾದ ಲೋಟ ಕೆಳಗಿಟ್ಟು ಇನ್ನೊಮ್ಮೆ ಹಗ್ಗ ಸೇದಿದರು. ಅದಾದ ಮೇಲೆ ನೀರಿನ ನಲ್ಲಿಯ ಹತ್ತಿರ, ಮೆಟ್ಟಿಲ ಮೇಲೆ, ಸೈಕಲ್ ಸ್ಟ್ಯಾಂಡಿನಲ್ಲಿ ಮಕ್ಕಳೂ ಹಗ್ಗ ಸೇದುವುದು ಕಾಣತೊಡಗಿತು. ತಮ್ಮಷ್ಟು ಚೆನ್ನಾಗಿ ಯಾರಿಗೂ ಬರುತ್ತಿಲ್ಲ ಎಂದಷ್ಟೇ ಅನ್ನಿಸಿತ್ತು ಮೇಷ್ಟ್ರಿಗೆ.

ಮುಂದಿನ ವಾರದ ಕೊನೆಗೆ, ಶುಕ್ರವಾರ ಸಂಜೆ, ಅವರು ಹತ್ತೂ ಪುಸ್ತಕಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತರು. ಪೋಷಕರ ಸಭೆಗೆ ಕಾರಿಡಾರಿನಲ್ಲಿ ದೊಡ್ಡ ನಕ್ಷೆ ಅಂಟಿಸಬೇಕಿತ್ತು. ಒಂದೊಂದು ಬಳ್ಳಿಗೆ ಒಂದೊಂದು ಬಣ್ಣದ ಗೆರೆ. ಹೆಂಡತಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಆಗಷ್ಟೇ ಕೆಲಸದಿಂದ ಬಂದು, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಪುಸ್ತಕವೊಂದನ್ನು ಎತ್ತಿಕೊಂಡಳು.

"ರೀ, ಈ ಹದಿನಾಲ್ಕನೇ ತಾರೀಕು ಬುಧವಾರ, ಮಳೆ ಹೊಡೆದ ದಿನ ಅಲ್ವಾ? ನಾನು ತೊಪ್ಪೆ ಆಗಿ ಬಂದ ದಿನ?"

"ಹೌದು. ಅವತ್ತು ಮಕ್ಕಳನ್ನ ಹೊರಗೆ ಬಿಡಲಿಲ್ಲ."

"ಮತ್ತೆ ಇವರು ನೂರಾ ಹನ್ನೆರಡು ಹೇನು ಎಲ್ಲಿ ಎಣಿಸಿದ್ರು? ತಲೇಲಾ?"

ಮೇಷ್ಟ್ರು ನಕ್ಕರು. ಒಳ್ಳೆಯ ಮಾತು, ತಮಗೇ ಹೊಳೆಯಬೇಕಿತ್ತು. ನಗುತ್ತಲೇ ಇನ್ನೊಂದು ಪುಸ್ತಕ ತೆರೆದರು. ಹದಿನಾಲ್ಕನೇ ತಾರೀಕು, ನೂರಾ ಎಂಟು. ಮತ್ತೊಂದು. ನೂರಾ ಇಪ್ಪತ್ತು. ಒಂಬತ್ತು ಪುಸ್ತಕಗಳಲ್ಲೂ ಆ ಬುಧವಾರ ಗಿಡಹೇನುಗಳು ಹುಲುಸಾಗಿ ಬೆಳೆದಿದ್ದವು. ಒಂಬತ್ತರಲ್ಲೂ ಇರುವೆಗಳು ಸುರಿಮಳೆಯಲ್ಲಿ ನಿಷ್ಠೆಯಿಂದ ಕಾವಲು ಕಾದಿದ್ದವು. ಮೇಷ್ಟ್ರ ನಗು ತುಟಿಯಿಂದ ಹೋಗಲು ದಾರಿ ಕಾಣದೆ ಅಲ್ಲೇ ನಿಂತಿತು.

"ನಮ್ಮಲ್ಲಿ ಹೊಸದಾಗಿ ಬಂದ ಹುಡುಗೀರು ಹೀಗೇ ಮಾಡ್ತಾರೆ," ಎಂದಳು ಹೆಂಡತಿ, ಒಲೆ ಕಡೆ ಹೋಗುತ್ತ. "ಡಾಕ್ಟರಿಗೆ ಯಾವ ರಿಪೋರ್ಟ್ ಇಷ್ಟ ಅಂತ ಮೊದಲೇ ಗೊತ್ತಾದ್ರೆ, ಕಣ್ಣು ಸೂಕ್ಷ್ಮದರ್ಶಕದೊಳಗೆ ಇದ್ರೂ ಅವರ ಮುಖಾನೇ ಕಾಣುತ್ತೆ. ಅದಕ್ಕೇ ಡಾಕ್ಟರ ಅನುಮಾನ ಏನು ಅಂತ ನಾವು ಆ ಹುಡುಗೀರಿಗೆ ಹೇಳೋದೇ ಇಲ್ಲ."

ಹತ್ತನೆಯ ಪುಸ್ತಕ ತಳದಲ್ಲಿತ್ತು. ಅಂಗಡಿಯ ಕಂದು ಕಾಗದದ ಹೊದಿಕೆ. ಮೇಷ್ಟ್ರು ಬೆರಳಲ್ಲಿ ತಾರೀಕು ಹುಡುಕಿದರು. 'ಮಳೆ. ಹೊರಗೆ ಹೋಗಲಿಲ್ಲ.' ಅಷ್ಟೇ. ಅದರ ಹಿಂದಿನ ದಿನಗಳಲ್ಲಿ ಅರವತ್ತನಾಲ್ಕು, ಐವತ್ತೆಂಟು, ನಲವತ್ತೊಂದು ಎಂಬ ಅಂಕಿಗಳಿದ್ದವು. ಮೂರರ ಮೇಲೂ ಅಡಿಪಟ್ಟಿ ಇಟ್ಟು ಒಂದೊಂದೇ ಗೆರೆ ಎಳೆದಿತ್ತು. ಮೇಲೆ ಎಪ್ಪತ್ತು, ಎಂಬತ್ತೈದು, ತೊಂಬತ್ತೆಂಟು. ಬಲಪುಟದಲ್ಲಿ, ಗೆರೆಯ ಕೆಳಗೆ ಸ್ಪಷ್ಟವಾಗಿ ಓದಲು ಬರುವಂತೆ, 'ಇರುವೆಗೆ ಸಿಹಿ ಸಾಕಾಗಿ ಬೇರೆ ಏನೋ ಬೇಕಾಗಿರಬಹುದು' ಎಂದಿತ್ತು. ಅದರ ಮೇಲೆ 'ಸಹಜೀವನ'.

ಎಡಪುಟದ ಅಂಚಿನಲ್ಲಿ ಒಂದು ಸಾಲಿಗೆ ಮಾತ್ರ ಗೆರೆ ಬಿದ್ದಿರಲಿಲ್ಲ. 'ಹತ್ತು ನಲವತ್ತು: ಸರ್ ಎಲ್ಲರನ್ನೂ ನಗಿಸಿದರು. ಎಣಿಕೆ ತಪ್ಪಿತು.'

ಮೇಷ್ಟ್ರು ಆ ಸಾಲನ್ನು ಎಷ್ಟೋ ಸಲ ಓದಿದರು. ಅದರಲ್ಲಿ ದೂರಿರಲಿಲ್ಲ. ಅವರು ಹೇಳಿಕೊಟ್ಟಂತೆಯೇ ಇತ್ತು. ಎಡಕ್ಕೆ ಕಂಡದ್ದು, ಕಂಡಷ್ಟೇ. ಹೆಂಡತಿ ಅಲ್ಲಿಂದಲೇ, "ನಕ್ಷೆ ಬರ್ದಾಯ್ತಾ?" ಎಂದು ಕೂಗಿದಳು. ಮೇಷ್ಟ್ರು ಹತ್ತೂ ಪುಸ್ತಕ ಮುಚ್ಚಿಟ್ಟರು.

ಶನಿವಾರ ಅರ್ಧ ದಿನ. ಮಕ್ಕಳೆಲ್ಲ ಹೋದ ಮೇಲೆ ಮೇಷ್ಟ್ರು ಪ್ಯಾಂಟು ಮಡಚಿ ಹತ್ತನೇ ಬಳ್ಳಿಯ ಮುಂದೆ ಕೂತರು. ಮೊದಲ ಹತ್ತು ನಿಮಿಷ ಚಾರ್ಟಿನಲ್ಲಿದ್ದದ್ದೇ ಕಂಡಿತು. ಇರುವೆ ಮೀಸೆಯಲ್ಲಿ ಹೇನಿನ ಬೆನ್ನು ತಟ್ಟುತ್ತದೆ, ಹೇನು ಹನಿ ಬಿಡುತ್ತದೆ, ಇರುವೆ ಹೀರುತ್ತದೆ. ಅವರ ಎದೆ ಹಗುರಾಯಿತು. ಎದ್ದುಬಿಡೋಣ ಅನ್ನಿಸಿತು. ಆದರೂ ಕೂತರು. ಮಂಡಿ ನೋಯತೊಡಗಿತು. ಈ ಮೂರು ವಾರದಲ್ಲಿ ಎಂದೂ ಒಂದು ಬಳ್ಳಿಯ ಮುಂದೆ ಇಷ್ಟು ಹೊತ್ತು ತಾವು ಬಾಯಿಮುಚ್ಚಿ ಕೂತಿರಲಿಲ್ಲ ಎಂಬುದು ಆಗ ಹೊಳೆಯಿತು. ಈ ಮೂರು ವಾರ ಮಾತ್ರವೇ ಎಂದು ಯೋಚಿಸಿದರು. ಹನ್ನೊಂದು ವರ್ಷದ ಮೇಷ್ಟರಿಕೆಯಲ್ಲೇ ಇಲ್ಲ.

ಆಮೇಲೆ ಒಂದು ಇರುವೆ ಬಂತು. ಒಂದು ಹೇನನ್ನು ತಟ್ಟಿತು, ಬಿಟ್ಟಿತು. ಇನ್ನೊಂದನ್ನು ತಟ್ಟಿತು, ಬಿಟ್ಟಿತು. ಮೂರನೆಯದನ್ನು, ಒಂದು ಪುಟಾಣಿಯನ್ನು, ತಟ್ಟಿ, ದವಡೆಯಲ್ಲಿ ಹಿಡಿದು ಕಿತ್ತಿತು. ಕೂದಲಿನಂಥ ಕಾಲುಗಳು ಗಾಳಿಯಲ್ಲಿ ಒದೆದವು. ಇರುವೆ ಕಾಂಡ ಇಳಿಯಿತು. ಮೇಷ್ಟ್ರು ನಾಲ್ಕೂ ಕಾಲಲ್ಲಿ ಅದರ ಹಿಂದೆ ಗೋಡೆಯ ತನಕ ತೆವಳಿದರು. ತೂತಿನ ಬಾಯಲ್ಲಿ, ತಿಂದುಳಿದ ಹೇನುಗಳ ಬೂದು ಸಿಪ್ಪೆಗಳ, ಹೊಟ್ಟಿನಂಥ ಪುಟ್ಟ ಗುಡ್ಡೆ. ಒಂದು ಗಂಟೆಯಲ್ಲಿ ಏಳು ಹೇನು ಒಳಗೆ ಹೋದವು. ಯಾವುದೂ ವಾಪಸ್ ಬರಲಿಲ್ಲ.

"ಏನ್ ಸರ್, ಏನಾದ್ರೂ ಕಳ್ಕೊಂಡ್ರಾ?" ಮಾಲಿ ನೀರಿನ ಪೈಪು ಎಳೆಯುತ್ತ ನಿಂತಿದ್ದ.

"ಹೂಂ."

"ಆ ಹುಡುಗೀನೂ ಹೀಗೇ ನೆಲಕ್ಕೆ ಮೂಗು ಹಚ್ಚಿರ್ತಿದ್ಲು. ಊಟದ ಬೆಲ್ ಆದ್ರೂ ಏಳ್ತಿರ್ಲಿಲ್ಲ. ಈಗ ಬರ್ತಾಳೆ, ದೂರ ನಿಂತ್ಕೊಂಡು ಏನೋ ಗೀಚ್ತಾಳೆ, ಹೋಗ್ತಾಳೆ." ಅವನು ಪೈಪಿನ ಗಂಟು ಬಿಡಿಸಿದ. "ಆ ಬಳ್ಳಿಗೆ ನೀರು ಹಾಕ್ಲಾ, ಬೇಡ್ವಾ?"

ಸೋಮವಾರಕ್ಕೆ ಮೇಷ್ಟ್ರು ಮಾತು ಸಿದ್ಧ ಮಾಡಿಕೊಂಡಿದ್ದರು. ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರು. ನಾಲ್ಕೇ ವಾಕ್ಯ. ಅವಳು ಸರಿಯಾಗಿ ನೋಡಿದ್ದಳು. ನಾನು ನೋಡಿರಲಿಲ್ಲ. ನಾನು ಅವಳನ್ನು ಅಣಕಿಸಿದೆ. ಅದು ತಪ್ಪು. ಎಲ್ಲರ ಮುಂದೆ ಅಣಕಿಸಿದ್ದನ್ನು ಎಲ್ಲರ ಮುಂದೆಯೇ ತೀರಿಸಬೇಕು, ಆಗಲೇ ಅವಳು ಇನ್ನೊಮ್ಮೆ ಕಂಡದ್ದನ್ನು ಬಾಯಿಬಿಟ್ಟು ಹೇಳಿಯಾಳು ಎಂದು ಅವರ ಲೆಕ್ಕ.

ಹಾಜರಿ ಮುಗಿಸಿ ಎದ್ದು ನಿಂತರು. ಮೂವತ್ತೇಳು ಮುಖ. ಕಿಟಕಿ ಬದಿಯ ಬೆಂಚಿನ ತುದಿಯಲ್ಲಿ ಅವಳು ಪುಸ್ತಕದ ಮೂಲೆ ಮಡಚುತ್ತ, ಬಿಡಿಸುತ್ತ ಇದ್ದಳು.

"ನಾನು," ಎಂದರು ಮೇಷ್ಟ್ರು.

ಮುಂದಿನ ಮಾತು ಬರಲಿಲ್ಲ. ಎಲ್ಲರ ದನಿ ಬಾಡಿಗೆಗಿದ್ದ ಗಂಟಲಲ್ಲಿ ಮನೆಯ ಯಜಮಾನನೇ ನಾಪತ್ತೆ. ಕಣ್ಣು ತಾನಾಗಿ ಮೇಲೆ ಹೋಯಿತು. ಕೆಳದುಟಿ ಅದುರಿತು. ಮೇಜಿನ ಅಂಚು ಹಿಡಿಯಲು ಎರಡೂ ಕೈ ಮುಂದೆ ಬಂದವು.

ಮೊದಲ ಬೆಂಚಿನ ಹುಡುಗನ ಮುಖ ಅರಳಿತು. "ಬಂತು, ಬಂತು!" ಎಂದು ಪಿಸುಗುಟ್ಟಿದ. ಹಿಂದಿನಿಂದ ಯಾರೋ, "ಶೇಷ! ಶೇಷ!" ಎಂದರು. "ಎಳೀರಿ ಸರ್, ಕೊಡ ಮೇಲೆ ಬಂತು!" ಇಡೀ ತರಗತಿ ಭೋರೆಂದು ನಕ್ಕಿತು. ಕೆಲವರು ಬೆಂಚು ಬಡಿದರು.

"ಅಲ್ಲ... ಅಲ್ಲ ಕಣ್ರೋ... ನಾನು..."

ಅವರು ಎಷ್ಟು ತೊದಲಿದರೋ ಅಷ್ಟೂ ಅಚ್ಚು ಇಳಿಸಿದಂತಾಗುತ್ತಿತ್ತು. ಹುಡುಗಿ ಒಮ್ಮೆ ತಲೆಯೆತ್ತಿ ಅವರನ್ನು ನೋಡಿದಳು. ಆಮೇಲೆ ಬೆಂಚಿನ ಮೇಲೆ ಕೈ ಮಡಚಿ ಮುಖ ಮುಚ್ಚಿಕೊಂಡಳು.

ಮೇಷ್ಟ್ರು ಡಸ್ಟರಿನಿಂದ ಮೇಜು ಕುಟ್ಟಿದರು. ಅಂಥ ಸದ್ದು ಅವರಿಂದ ಎಂದೂ ಬಂದಿರಲಿಲ್ಲ. ನಗು ಅರ್ಧಕ್ಕೇ ಕಡಿಯಿತು.

"ಇದು ಮಿಮಿಕ್ರಿ ಅಲ್ಲ," ಎಂದರು. "ನಾನು ಇವಳನ್ನ ಅಣಕಿಸಿದ್ದು ತಪ್ಪು. ಇವಳು ಬರೆದಿದ್ದು ಸರಿ."

ಮೊದಲ ಬೆಂಚಿನವನು ಮೆಲ್ಲನೆ ಕೈ ಎತ್ತಿ, "ಸರ್... ಇದು ಯಾರ ಥರ ಸರ್? ಹೆಡ್ ಮೇಡಂ?" ಎಂದ. ಅವನು ಕೀಟಲೆ ಮಾಡುತ್ತಿರಲಿಲ್ಲ. ಪಾಪ, ಅವನಿಗೆ ನಿಜವಾಗಿ ತಿಳಿಯಬೇಕಿತ್ತು.

"ಎಲ್ರೂ ಬಳ್ಳಿ ಹತ್ರ ನಡೀರಿ," ಎಂದರು ಮೇಷ್ಟ್ರು. "ಬುಧವಾರದ ಅಂಕಿ ಎಲ್ಲಿಂದ ತಂದ್ರಿ ಅಂತ ನಾನು ಕೇಳಲ್ಲ. ನನ್ನ ಮುಖ ನೋಡಿ ಬರೆದ್ರಿ, ಅದು ನಂದೇ ತಪ್ಪು. ಇವತ್ತು ಮಾತ್ರ ಬಳ್ಳಿ ನೋಡಿ ಬರೀರಿ."

ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡು, ಎಂದಿಗಿಂತ ಕಡಿಮೆ ಗದ್ದಲದಲ್ಲಿ ಹೊರಗೆ ಹೋದರು. ಅವಳು ಎಲ್ಲರಿಗಿಂತ ಹಿಂದೆ ಬಂದು ಹತ್ತನೇ ಬಳ್ಳಿಯಿಂದ ನಾಲ್ಕು ಹೆಜ್ಜೆ ಆಚೆ ನಿಂತಳು.

ಮೇಷ್ಟ್ರು ಬಾಯಿ ತೆರೆದರು. ನಾಲಿಗೆಯ ತುದಿಗೆ ತಾವಿಟ್ಟ ಅಡ್ಡಹೆಸರೇ ಬಂತು, ಅದನ್ನು ನುಂಗಿದರು. "ಅಮ್ಮಾ, ಆ ಕಚ್ಕೊಂಡು ಹೋಗೋ ಇರುವೆ... ನನಗೂ ತೋರಿಸ್ತೀಯಾ?"

ಈ ಸಲ ಬಾವಿ ತುಂಬ ಆಳವಿತ್ತು.

"ಇಲ್ಲ ಸರ್. ನಾನು ಸರಿಯಾಗಿ... ನೋಡಿರಲಿಲ್ಲ ಸರ್."

"ನಾನು ನೋಡಿದೆ. ಶನಿವಾರ. ಏಳು ಒಳಗೆ ಹೋದವು."

ಅವಳು ಅವರ ಬಾಯಿಯನ್ನೇ ನೋಡುತ್ತಿದ್ದಳು. ಅದರ ಯಾವ ಮೂಲೆಯಲ್ಲಿ ನಗು ಅಡಗಿದೆ, ಯಾವಾಗ ಹೊರಗೆ ಬರುತ್ತದೆ ಎಂದು ಕಾಯುವವಳಂತೆ. ಮೇಷ್ಟ್ರಿಗೆ ಆ ನೋಟದ ಕೆಳಗೆ ನಿಲ್ಲಲಾಗಲಿಲ್ಲ. ಕುಕ್ಕರಿಸಿ, ಕಾಂಡದ ಮೇಲೆ ಭೂತಗನ್ನಡಿ ಹಿಡಿದರು. ಹೇನುಗಳೆಲ್ಲ ಹಸಿರು ಮಂಜಾಗಿ ಕಂಡವು. ಬಿಸಿಲಿಗೆ ಅಡ್ಡವಾಗಿ ಅವಳ ನೆರಳು ಬಳ್ಳಿಯ ಮೇಲೆ ಬಿದ್ದಿತ್ತು. 'ಪಕ್ಕಕ್ಕೆ ಸರಿ' ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಆ ನೆರಳಲ್ಲೇ ಎಣಿಸತೊಡಗಿದರು.

ಸ್ವಲ್ಪ ಹೊತ್ತಾದ ಮೇಲೆ ಹುಡುಗಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಳು. ಕಾಂಡದ ಮೇಲೆ ಬಿಸಿಲು ಬಿತ್ತು.